ಎಂಟು ಗಂಟೆಗೆ ಒಂದು ಆರಾಧನೆ, ಹತ್ತಕ್ಕೆ ಇನ್ನೊಂದು: ಅಸಲಿ ಆಂಗ್ಲಿಕನ್ ಯಾವುದು?

ಪ್ರಶ್ನೆ: ನಾನು ಮಂಗಳೂರಿನ ಸಿಎಸ್‌ಐ, ಅಂದರೆ ದಕ್ಷಿಣ ಇಂಡಿಯಾ ಸಭೆಯಲ್ಲಿ ಬೆಳೆದವಳು. ಅಜ್ಜನ ಕಾಲಕ್ಕೆ ನಾವು ಬಾಸೆಲ್ ಮಿಶನ್ನವರು. ಕೆಲಸದ ಮೇಲೆ ಇಂಗ್ಲೆಂಡಿಗೆ ಬಂದಿದ್ದೇನೆ, ಇಲ್ಲಿನ ಊರ ಚರ್ಚಿಗೆ, ಅಂದರೆ ಆಂಗ್ಲಿಕನ್ ಎನ್ನುವ ಇಂಗ್ಲೆಂಡಿನ ಚರ್ಚಿಗೆ, ಹೋಗುತ್ತೇನೆ. ಭಾನುವಾರ ಬೆಳಿಗ್ಗೆ ಎಂಟಕ್ಕೆ ಒಂದು ಆರಾಧನೆ. ವಯಸ್ಸಾದ ಹತ್ತು ಹನ್ನೆರಡು ಜನ, ಹಾಡಿಲ್ಲ, ಹಳೆಯ ಇಂಗ್ಲಿಷ್, ರಾಜನಿಗಾಗಿ ಪ್ರಾರ್ಥನೆ. ಪಾದ್ರಿಗಳು ಮೇಜಿನ ಎಡತುದಿಯಲ್ಲಿ ನಿಂತು, ನಮ್ಮ ಕಡೆಗೂ ಅಲ್ಲ, ಗೋಡೆ ಕಡೆಗೂ ಅಲ್ಲ, ಅಡ್ಡಕ್ಕೆ ನೋಡುತ್ತಾ ಓದುತ್ತಾರೆ. ಹತ್ತಕ್ಕೆ ಅದೇ ಚರ್ಚಿನಲ್ಲಿ ಮಕ್ಕಳು, ಗಿಟಾರು, ಪರದೆ ಮೇಲೆ ಸಾಲುಗಳು. ಪಾದ್ರಿಗಳು ಮೇಜಿನ ಹಿಂದೆ ನಿಂತು ನಮ್ಮನ್ನೇ ನೋಡುತ್ತಾರೆ, ಎಲ್ಲರೂ ಕೈ ಕುಲುಕುತ್ತಾರೆ. ಇದರಲ್ಲಿ ಅಸಲಿ ಆಂಗ್ಲಿಕನ್ ಯಾವುದು? ಇಷ್ಟೆಲ್ಲ ಬದಲಾಯಿಸಿದವರು ಯಾರು? ನಮ್ಮ ಸಿಎಸ್‌ಐ ಕ್ರಮ ಬ್ರಿಟಿಷರು ಬಿಟ್ಟುಹೋದದ್ದೇ ಅಲ್ವಾ? ಇನ್ನೊಂದು ಸಣ್ಣ ವಿಷಯ. ಎಲ್ಲರೂ ಬಾಯಿಟ್ಟ ಬಟ್ಟಲಿನಿಂದ ಕುಡಿಯಲು ನನಗೆ ಆಗುವುದಿಲ್ಲ. ರೊಟ್ಟಿ ಮಾತ್ರ ತೆಗೆದುಕೊಂಡರೆ ನಡೆಯುತ್ತದೆಯೇ?

ಉತ್ತರ: ಎರಡೂ ಅಸಲಿಯೇ. ಎಂಟು ಗಂಟೆಯದು 1662ರ ‘ಸಾಮಾನ್ಯ ಪ್ರಾರ್ಥನಾ ಪುಸ್ತಕ’ದ್ದು. ಹತ್ತು ಗಂಟೆಯದು 2000ದಲ್ಲಿ ಬಂದ ‘ಕಾಮನ್ ವರ್ಷಿಪ್’ನದು. ಮೊದಲನೆಯದು ಹಳೆಯದು ನಿಜ, ಆದರೆ ಮೂಲದ್ದಲ್ಲ. ಅದಕ್ಕೂ ಮೊದಲು ಅದೇ ಪುಸ್ತಕ 1549, 1552, 1559, 1604ರಲ್ಲಿ ಬೇರೆ ಬೇರೆ ರೂಪದಲ್ಲಿ ಬಂದಿತ್ತು. 1662ರಲ್ಲಿ ಪಾರ್ಲಿಮೆಂಟು ಅದಕ್ಕೆ ಕಾನೂನಿನ ಬೀಗ ಹಾಕಿತು. ಆ ಬೀಗ ತೆಗೆಯಲು ಮುನ್ನೂರು ವರ್ಷ ಬೇಕಾಯಿತು. ನೀವು ಒಂದೇ ಬೆಳಿಗ್ಗೆ ನೋಡುತ್ತಿರುವುದು ಬೀಗದ ಮುಂಚಿನ ಜಗಳವನ್ನೂ ನಂತರದ ಸ್ವಾತಂತ್ರ್ಯವನ್ನೂ.

ಈ ಇತಿಹಾಸವನ್ನು ದೊಡ್ಡ ದೊಡ್ಡ ಸಿದ್ಧಾಂತಗಳಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಎರಡೇ ಪ್ರಶ್ನೆ ಇಟ್ಟುಕೊಳ್ಳಿ: ಮೇಜು ಎಲ್ಲಿದೆ? ಪುಸ್ತಕಕ್ಕೆ ಅಪ್ಪಣೆ ಕೊಟ್ಟವರು ಯಾರು?

ಎಂಟನೇ ಹೆನ್ರಿ 1534ರಲ್ಲಿ ರೋಮಿನಿಂದ ಬೇರೆಯಾದಾಗ ಆರಾಧನೆ ಬದಲಾಗಲೇ ಇಲ್ಲ ಎನ್ನಬೇಕು. ಪೋಪ್ ಹೋದರು, ಲ್ಯಾಟಿನ್ ಉಳಿಯಿತು. 1544ರಲ್ಲಿ, ಯುದ್ಧದ ಕಾಲದಲ್ಲಿ, ಜನರೂ ಕೂಡಿ ಪ್ರಾರ್ಥಿಸಲಿ ಎಂದು ಒಂದು ಇಂಗ್ಲಿಷ್ ಲಿಟನಿ (ಪಾದ್ರಿಯ ಬೇಡಿಕೆಗೆ ಜನ ದನಿಗೂಡಿಸುವ ಪ್ರಾರ್ಥನೆ) ಬಂತು. ಬರೆದವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರ್. ಅಪ್ಪಣೆ ಪಡೆದ ಮೊದಲ ಇಂಗ್ಲಿಷ್ ಆರಾಧನಾ ಪಾಠ ಅದು. ‘ರೋಮಿನ ಬಿಷಪನ ದಬ್ಬಾಳಿಕೆಯಿಂದ ನಮ್ಮನ್ನು ಬಿಡಿಸು’ ಎಂಬ ಬೇಡಿಕೆಯೂ ಅದರಲ್ಲಿತ್ತು. 1559ರಲ್ಲಿ ರಾಣಿ ಎಲಿಜಬೆತ್ ಅದನ್ನು ಸದ್ದಿಲ್ಲದೆ ತೆಗೆಸಿದಳು.

1547ರಲ್ಲಿ ಹೆನ್ರಿ ಸತ್ತ. ಒಂಬತ್ತು ವರ್ಷದ ಆರನೇ ಎಡ್ವರ್ಡ್ ಪಟ್ಟಕ್ಕೆ ಬಂದ. ಕ್ರ್ಯಾನ್ಮರನಿಗೆ ಕೈ ಬಿಚ್ಚಿ ಕೆಲಸ ಮಾಡುವ ಕಾಲ ಬಂತು. ಅಲ್ಲಿಯವರೆಗೆ ಇಂಗ್ಲೆಂಡಿನಲ್ಲಿ ಸಾಲ್ಸ್‌ಬರಿ, ಹೆರೆಫರ್ಡ್, ಯಾರ್ಕ್ ಎಂದು ಸೀಮೆಗೊಂದು ಪದ್ಧತಿ. ಒಂದು ಆರಾಧನೆ ನಡೆಸಲು ಪಾದ್ರಿ ಹಲವಾರು ಪುಸ್ತಕ ತಿರುವಬೇಕು. ಕ್ರ್ಯಾನ್ಮರ್ ಎಲ್ಲವನ್ನೂ ಒಂದೇ ಪುಸ್ತಕಕ್ಕೆ ಇಳಿಸಿದ. ಮಠಗಳಲ್ಲಿ ದಿನಕ್ಕೆ ಎಂಟು ಹೊತ್ತು ನಡೆಯುತ್ತಿದ್ದ ಪ್ರಾರ್ಥನೆಗಳು ಬೆಳಿಗ್ಗೆ ಒಂದು, ಸಂಜೆ ಒಂದು ಎಂದಾದವು. 150 ಕೀರ್ತನೆಗಳನ್ನು ತಿಂಗಳಿಗೊಮ್ಮೆ ಓದಿ ಮುಗಿಸುವ ಪಟ್ಟಿ ಹಾಕಿದ. ಪಾದ್ರಿಗಳಿಗೆ, ಮಠದವರಿಗೆ ಮೀಸಲಾಗಿದ್ದ ನಿತ್ಯಪ್ರಾರ್ಥನೆಯನ್ನು ಕಮ್ಮಾರ, ನೇಕಾರನಿಗೂ ಕೊಡಬಹುದು ಎಂದು ಯೋಚಿಸಿದ್ದು ಅವನ ದೊಡ್ಡತನ ಅಂತ ನನ್ನ ಎಣಿಕೆ. ಅವನ ಗದ್ಯವನ್ನು ಹೊಗಳುವವರು ಇದನ್ನು ಮರೆಯುವುದೇ ಜಾಸ್ತಿ.

1549ರ ಜೂನ್ 9, ಪಂಚಾಶತ್ತಮ ಹಬ್ಬ. ಅವತ್ತಿನಿಂದ ದೇಶಕ್ಕೆಲ್ಲ ಒಂದೇ ಪುಸ್ತಕ ಎಂದು ಕಾನೂನು. ಮರುದಿನವೇ ಗಲಾಟೆ. ಡೆವನ್ ಸೀಮೆಯ ಸ್ಯಾಂಪ್‌ಫರ್ಡ್ ಕೋರ್ಟ್‌ನೆ ಎಂಬ ಹಳ್ಳಿಯಲ್ಲಿ ಭಾನುವಾರ ಪಾದ್ರಿ ಹೊಸ ಕ್ರಮ ಓದಿದ್ದ. ಸೋಮವಾರ ಊರವರು ಅವನನ್ನು ಸುತ್ತುಗಟ್ಟಿ, ಹಳೆಯ ವಸ್ತ್ರ ತೊಡಿಸಿ, ಲ್ಯಾಟಿನ್ನಿನಲ್ಲೇ ಪೂಜೆ ಮಾಡಿಸಿದರು. ಅಲ್ಲಿಂದ ಎದ್ದ ದಂಗೆ ಡೆವನ್, ಕಾರ್ನ್‌ವಾಲ್ ತುಂಬ ಹಬ್ಬಿ, ಎಕ್ಸಿಟರ್ ಪಟ್ಟಣಕ್ಕೆ ವಾರಗಟ್ಟಲೆ ಮುತ್ತಿಗೆ ಬಿತ್ತು. ದಂಗೆಕೋರರ ಬೇಡಿಕೆ ಪತ್ರದಲ್ಲಿ ಎರಡು ಮಾತು ಗಮನಿಸಬೇಕು. ಹೊಸ ಆರಾಧನೆ ಕ್ರಿಸ್ಮಸ್ ಆಟದ ಹಾಗಿದೆ ಎಂಬುದು ಒಂದು. ನಾವು ಕಾರ್ನ್‌ವಾಲಿನವರು, ನಮ್ಮಲ್ಲಿ ಕೆಲವರಿಗೆ ಇಂಗ್ಲಿಷೇ ಬರುವುದಿಲ್ಲ ಎಂಬುದು ಇನ್ನೊಂದು. ಜನರ ಭಾಷೆಯಲ್ಲಿ ಆರಾಧನೆ ಎನ್ನುವ ಸುಧಾರಣೆ ಆ ಮೂಲೆಯ ಜನರಿಗೆ ಮಾತ್ರ ಪರಭಾಷೆಯ ಹೇರಿಕೆ! ಸರ್ಕಾರ ಸೈನ್ಯ ಕಳಿಸಿತು. ಸಾವಿರಾರು ಜನ ಸತ್ತರು. ಎಕ್ಸಿಟರ್ ಹೊರಗಿನ ಸೇಂಟ್ ಥಾಮಸ್ ಚರ್ಚಿನ ಪಾದ್ರಿಯನ್ನು ಪೂಜೆಯ ವಸ್ತ್ರದಲ್ಲೇ ಅವನ ಚರ್ಚಿನ ಗೋಪುರದಿಂದ ನೇಣಿಗೆ ತೂಗುಹಾಕಿದರು. ಪಕ್ಕದಲ್ಲಿ ಪವಿತ್ರ ಜಲದ ಪಾತ್ರೆಯನ್ನೂ ಕಟ್ಟಿದ್ದರಂತೆ.

ಇಷ್ಟಾಗಿಯೂ ಆ ಪುಸ್ತಕ ಬಾಳಿದ್ದು ಮೂರೇ ವರ್ಷ. ಯಾಕೆಂದರೆ ಅದು ಯಾರಿಗೂ ಸಾಲಲಿಲ್ಲ. ಸ್ಟೀಫನ್ ಗಾರ್ಡಿನರ್ ಎಂಬ ಬಿಷಪ್ ಸುಧಾರಣೆಯ ಕಡು ವಿರೋಧಿ. ಅವರು ಸೆರೆಮನೆಯಲ್ಲಿ ಕೂತೇ, ‘ಇದರಲ್ಲಿ ನಮ್ಮ ಹಳೆಯ ನಂಬಿಕೆಯೇ ಇದೆಯಲ್ಲ’ ಎಂಬ ಅರ್ಥದ ವಾದ ಹೂಡಿದರು. ಕ್ರ್ಯಾನ್ಮರನಿಗೆ ಇದಕ್ಕಿಂತ ಮುಜುಗರ ಬೇರೆ ಬೇಕೇ? ಜರ್ಮನಿ ಕಡೆಯಿಂದ ಬಂದಿದ್ದ ಸುಧಾರಕ ಮಾರ್ಟಿನ್ ಬೂಟ್ಸರ್ ಇನ್ನೊಂದು ಕಡೆಯಿಂದ ತಪ್ಪುಗಳ ಉದ್ದ ಪಟ್ಟಿ ಕೊಟ್ಟರು. 1552ರಲ್ಲಿ ಎರಡನೇ ಪುಸ್ತಕ ಬಂತು.

ಇಲ್ಲಿ ಒಂದು ಚಿಕ್ಕ ಜಾಗ ಹತ್ತಿರದಿಂದ ನೋಡೋಣ. ಕರ್ತನ ಭೋಜನದಲ್ಲಿ ರೊಟ್ಟಿ ಕೊಡುವಾಗ ಪಾದ್ರಿ ಏನು ಹೇಳಬೇಕು? 1549ರಲ್ಲಿ: ‘ನಿನಗಾಗಿ ಕೊಡಲ್ಪಟ್ಟ ನಮ್ಮ ಕರ್ತನಾದ ಯೇಸು ಕ್ರಿಸ್ತನ ದೇಹವು ನಿನ್ನ ದೇಹವನ್ನೂ ಆತ್ಮವನ್ನೂ ನಿತ್ಯಜೀವಕ್ಕೆ ಕಾಪಾಡಲಿ.’ 1552ರಲ್ಲಿ ಅದು ಪೂರ್ತಿ ಹೋಯಿತು. ಬದಲಿಗೆ: ‘ಕ್ರಿಸ್ತನು ನಿನಗಾಗಿ ಸತ್ತನೆಂದು ನೆನಸಿಕೊಂಡು ಇದನ್ನು ತೆಗೆದುಕೊಂಡು ತಿನ್ನು, ನಂಬಿಕೆಯಿಂದ ನಿನ್ನ ಹೃದಯದಲ್ಲಿ ಆತನನ್ನು ಕೃತಜ್ಞತೆಯಿಂದ ಉಣ್ಣು.’ ಮೊದಲನೆಯದು ಕೈಯಲ್ಲಿರುವುದು ಏನು ಎಂದು ಹೇಳುತ್ತದೆ. ಎರಡನೆಯದು ಅದನ್ನು ಹೇಳದೆ ಮುಂದೆ ಹೋಗುತ್ತದೆ. 1559ರಲ್ಲಿ ಎಲಿಜಬೆತ್ ಕಾಲದವರು ಏನು ಮಾಡಿದರು ಗೊತ್ತಾ? ಎರಡನ್ನೂ ಸೇರಿಸಿ ಒಂದೇ ಉಸಿರಿಗೆ ಹೇಳಿ ಎಂದರು. ಎಂಟು ಗಂಟೆಯ ಆರಾಧನೆಯಲ್ಲಿ ನಿಮ್ಮ ಅಂಗೈ ಮೇಲೆ ರೊಟ್ಟಿ ಇಡುವಾಗ ಪಾದ್ರಿಗಳು ಯಾಕೆ ಅಷ್ಟುದ್ದ ಮಾತಾಡುತ್ತಾರೆ ಅಂತ ನಿಮಗೆ ಅನಿಸಿರಬಹುದು. ಅವರು ಹೇಳುತ್ತಿರುವುದು ಜಗಳವಾಡಿದ ಎರಡು ಪುಸ್ತಕಗಳ ಮಾತು. ಆಂಗ್ಲಿಕನ್ ಬುದ್ಧಿವಂತಿಕೆ ಎನ್ನಿ, ಜಾಣ ನುಣುಚಿಕೆ ಎನ್ನಿ. ನನಗಂತೂ ಎರಡೂ ಹೌದು.

ಈಗ ಆ ಅಡ್ಡ ನಿಂತ ಪಾದ್ರಿಗಳು. ಮಧ್ಯಯುಗದಲ್ಲಿ ಕಲ್ಲಿನ ಬಲಿಪೀಠ ಪೂರ್ವದ ಗೋಡೆಗೆ ಹತ್ತಿಕೊಂಡಿತ್ತು. ಪಾದ್ರಿ ಜನರಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಬಲಿ ಎನ್ನುವ ಭಾವನೆಯೇ ಬೇಡ ಎಂದ ಸುಧಾರಕರು ಕಲ್ಲು ಕೀಳಿಸಿ ಮರದ ಮೇಜು ತಂದರು. 1550ರಲ್ಲಿ ಲಂಡನ್ನಿನ ಬಿಷಪ್ ನಿಕೊಲಸ್ ರಿಡ್ಲಿ ತಮ್ಮ ಸೀಮೆಯಲ್ಲಿ ಇದನ್ನು ಜೋರಾಗಿಯೇ ಮಾಡಿಸಿದರು. 1552ರ ಪುಸ್ತಕ ಮೇಜನ್ನು ಚರ್ಚಿನ ನಡುವೆ ಅಥವಾ ಮುಂಭಾಗದ ಅಂಕಣದಲ್ಲಿ ಇಡಿ, ಪಾದ್ರಿ ಅದರ ಉತ್ತರ ಪಕ್ಕದಲ್ಲಿ ನಿಲ್ಲಲಿ ಎಂದಿತು. ಮೇಜು ಪೂರ್ವ ಪಶ್ಚಿಮವಾಗಿ ಉದ್ದಕ್ಕೆ ಇದ್ದು ಜನ ಸುತ್ತ ಮೊಣಕಾಲೂರಿದರೆ ಇದು ಸರಿ. ಪಾದ್ರಿ ಊಟದ ಮೇಜಿನ ಉದ್ದ ಬದಿಯಲ್ಲಿ ನಿಂತ ಹಾಗಾಯಿತು, ಎಲ್ಲರಿಗೂ ಕಾಣುತ್ತಾನೆ. ಆದರೆ 1630ರ ದಶಕದಲ್ಲಿ ಆರ್ಚ್‌ಬಿಷಪ್ ವಿಲಿಯಂ ಲಾಡ್ ಮೇಜನ್ನು ಮತ್ತೆ ಪೂರ್ವದ ಗೋಡೆಗೆ ಸರಿಸಿ, ಮುಂದೆ ಕಟಕಟೆ ಹಾಕಿಸಿದರು. ಮೇಜು ತಿರುಗಿತು, ಪುಸ್ತಕದ ಸೂಚನೆ ತಿರುಗಲಿಲ್ಲ. ಹಾಗಾಗಿ ಉತ್ತರದ ‘ಪಕ್ಕ’ ಹೋಗಿ ಉತ್ತರದ ‘ತುದಿ’ ಆಯಿತು. ಪಾದ್ರಿಗಳು ಗೋಡೆಗೆ ಹತ್ತಿದ ಮೇಜಿನ ಎಡತುದಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರು. ನಿಮ್ಮ ಪಾದ್ರಿಗಳು ಇವತ್ತು ನಿಂತಿರುವುದು ಅಲ್ಲೇ. ಈ ಪದ್ಧತಿ ಈಗ ತೀರಾ ಅಪರೂಪ. ನೋಡಲು ಸಿಕ್ಕಿದ್ದು ನಿಮ್ಮ ಅದೃಷ್ಟ.

ಅಪ್ಪಣೆಯ ಕಥೆಗೆ ಬರೋಣ. 1552ರ ಪುಸ್ತಕ ನವೆಂಬರಿನಲ್ಲಿ ಜಾರಿಯಾಯಿತು, ಮುಂದಿನ ಜುಲೈನಲ್ಲಿ ಎಡ್ವರ್ಡ್ ತೀರಿಹೋದ. ರಾಣಿ ಮೇರಿ ಲ್ಯಾಟಿನ್ ಪೂಜೆ ವಾಪಸ್ ತಂದಳು. 1556ರ ಮಾರ್ಚ್ 21ರಂದು ಕ್ರ್ಯಾನ್ಮರನನ್ನು ಆಕ್ಸ್‌ಫರ್ಡಿನಲ್ಲಿ ಸುಟ್ಟರು. ಎಲಿಜಬೆತ್ ಬಂದ ಮೇಲೆ 1559ರಲ್ಲಿ ಮತ್ತೆ ಇಂಗ್ಲಿಷ್ ಪುಸ್ತಕ. ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ಸ್ ದಂಡ. ಹನ್ನೆರಡು ವರ್ಷಗಳೊಳಗೆ ಒಂದೇ ಊರಿನ ಜನ ಲ್ಯಾಟಿನ್, ಇಂಗ್ಲಿಷ್, ಇನ್ನಷ್ಟು ಬೋಳಾದ ಇಂಗ್ಲಿಷ್, ಮತ್ತೆ ಲ್ಯಾಟಿನ್, ಮತ್ತೆ ಇಂಗ್ಲಿಷ್ ಕೇಳಿದರು. ಅಷ್ಟೂ ಕಾಲ ಅದೇ ಪಾದ್ರಿಯೇ ಉಳಿದುಕೊಂಡ ಊರುಗಳೂ ಇದ್ದವು.

ಎಲಿಜಬೆತ್ ಕಾಲದ ತಕರಾರುಗಳು ನೋಡಲು ಸಣ್ಣವು: ಬಿಳಿ ನಿಲುವಂಗಿ ಬೇಕೇ, ದೀಕ್ಷಾಸ್ನಾನದಲ್ಲಿ ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಬೇಕೇ, ಮದುವೆಯಲ್ಲಿ ಉಂಗುರ ಯಾಕೆ, ಭೋಜನಕ್ಕೆ ಮೊಣಕಾಲೂರಿದರೆ ರೊಟ್ಟಿಯನ್ನು ಪೂಜಿಸಿದ ಹಾಗಲ್ವಾ. ಸುಧಾರಣೆ ಇನ್ನೂ ಸಾಲದು ಎನ್ನುತ್ತಿದ್ದ ಪ್ಯೂರಿಟನ್ನರಿಗೆ ಇವೆಲ್ಲ ರೋಮಿನ ಕೊಳೆ. 1604ರಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿ ರಾಜ ಜೇಮ್ಸ್ ಮುಂದೆ ದೂರು ಹೇಳಿಕೊಂಡರು. ಆರಾಧನೆಯಲ್ಲಿ ಅವರಿಗೆ ಸಿಕ್ಕಿದ್ದು ಅಲ್ಪಸ್ವಲ್ಪ. ಆ ಸಭೆಯ ದೊಡ್ಡ ಫಲ ಎಂದರೆ ಬೈಬಲಿನ ಹೊಸ ಇಂಗ್ಲಿಷ್ ಅನುವಾದ, 1611ರದು.

ಸಣ್ಣ ತಕರಾರು ದೊಡ್ಡದಾಗಲು ಒಂದು ಭಾನುವಾರ ಸಾಕಾಯಿತು. ಮೊದಲನೇ ಚಾರ್ಲ್ಸ್ ಮತ್ತು ಲಾಡ್ ಸ್ಕಾಟ್ಲೆಂಡಿಗೂ ಇಂಥದೇ ಪುಸ್ತಕ ಇರಲಿ ಎಂದು ಹೊರಟರು. 1637ರ ಜುಲೈ 23ರಂದು ಎಡಿನ್‌ಬರೋದ ಸೇಂಟ್ ಜೈಲ್ಸ್ ಚರ್ಚಿನಲ್ಲಿ ಹೊಸ ಪುಸ್ತಕ ಓದಲು ಶುರು ಮಾಡಿದ್ದೇ ತಡ, ಬೈಗುಳ, ಕೂಗಾಟ, ಕುಳಿತ ಮಣೆಗಳೇ ಹಾರಿಬಂದವು. ಮೊದಲ ಮಣೆ ಎಸೆದವಳು ಜೆನ್ನಿ ಗೆಡ್ಡಿಸ್ ಎಂಬ ವ್ಯಾಪಾರದ ಹೆಂಗಸು ಎಂದು ಜನ ಇವತ್ತಿಗೂ ಹೇಳುತ್ತಾರೆ. ಹೆಸರು ದಂತಕಥೆ ಇರಬಹುದು, ಗಲಾಟೆ ಮಾತ್ರ ನಿಜ. ಸ್ಕಾಟರು ಒಡಂಬಡಿಕೆ ಮಾಡಿಕೊಂಡು ಎದುರು ನಿಂತರು. ಅವರ ಮೇಲೆ ಯುದ್ಧ ಮಾಡಲು ಚಾರ್ಲ್ಸ್‌ಗೆ ದುಡ್ಡು ಬೇಕು. ದುಡ್ಡಿಗಾಗಿ 1640ರಲ್ಲಿ ಪಾರ್ಲಿಮೆಂಟ್ ಕರೆಯಬೇಕು. ಆ ಪಾರ್ಲಿಮೆಂಟೇ ಅವನ ಮೇಲೆ ತಿರುಗಿಬಿತ್ತು. ಅಂತರ್ಯುದ್ಧಕ್ಕೆ ಬೇರೆ ಕಾರಣಗಳೂ ಇದ್ದವು. ಕಿಡಿ ಬಿದ್ದದ್ದು ಪ್ರಾರ್ಥನಾ ಪುಸ್ತಕದಿಂದ.

1645ರಲ್ಲಿ ಪಾರ್ಲಿಮೆಂಟು ಪ್ರಾರ್ಥನಾ ಪುಸ್ತಕವನ್ನೇ ನಿಷೇಧಿಸಿತು. ಮನೆಯೊಳಗೆ ಓದಿದರೂ ಅಪರಾಧ: ಮೊದಲ ಸಲ 5 ಪೌಂಡ್ ದಂಡ, ಎರಡನೇ ಸಲ 10, ಮೂರನೇ ಸಲ ಒಂದು ವರ್ಷ ಜೈಲು. ಅದೇ ವರ್ಷ ಲಾಡ್ ತಲೆ ಉರುಳಿತ್ತು. 1657ರ ಕ್ರಿಸ್ಮಸ್ ದಿನ ಲಂಡನ್ನಿನ ಒಂದು ಪ್ರಾರ್ಥನಾಲಯದಲ್ಲಿ ಕದ್ದುಮುಚ್ಚಿ ಭೋಜನ ತೆಗೆದುಕೊಳ್ಳುತ್ತಿದ್ದವರ ಸುತ್ತ ಸೈನಿಕರು ಕೋವಿ ಹಿಡಿದು ನಿಂತರು, ಆಮೇಲೆ ವಿಚಾರಣೆಗೆ ಹಿಡಿದಿಟ್ಟರು. ಜನರಿಗೆ ಈ ಪುಸ್ತಕದ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು ಆ ಹದಿನೈದು ವರ್ಷಗಳಲ್ಲಿ ಎಂದು ನನಗೆ ಅನಿಸುತ್ತದೆ. ಹೇರಿದಾಗ ಮಣೆ ಎಸೆಯುತ್ತಾರೆ, ಕಿತ್ತುಕೊಂಡರೆ ಎದೆಗೆ ಅಪ್ಪಿಕೊಳ್ಳುತ್ತಾರೆ.

1660ರಲ್ಲಿ ರಾಜರ ಆಳ್ವಿಕೆ ವಾಪಸ್. 1662ರಲ್ಲಿ ಪುಸ್ತಕವೂ ವಾಪಸ್, ಸುಮಾರು ಆರುನೂರು ಸಣ್ಣಪುಟ್ಟ ತಿದ್ದುಪಡಿಗಳೊಂದಿಗೆ. ಸಮುದ್ರದಲ್ಲಿರುವವರಿಗೆ ಪ್ರಾರ್ಥನೆಗಳು ಸೇರಿದವು. ದೊಡ್ಡವರಿಗೆ ದೀಕ್ಷಾಸ್ನಾನ ಕೊಡುವ ಕ್ರಮವೂ ಸೇರಿತು. ವಸಾಹತುಗಳಲ್ಲಿ ಕ್ರೈಸ್ತರಾಗುವ ಸ್ಥಳೀಯರಿಗೆ ಇದು ಉಪಯೋಗಕ್ಕೆ ಬರುತ್ತದೆ ಎಂದು ಮುನ್ನುಡಿಯಲ್ಲೇ ಬರೆದಿದ್ದಾರೆ. ಇಂಗ್ಲೆಂಡಿನ ಹೊರಗಿನ ನಮ್ಮಂಥವರು ಪುಸ್ತಕದೊಳಗೆ ಕಾಲಿಟ್ಟಿದ್ದು ಆ ಒಂದು ಸಾಲಿನಲ್ಲಿ. ಆಗಸ್ಟ್ 24ರೊಳಗೆ ಪ್ರತಿಯೊಬ್ಬ ಪಾದ್ರಿ ಪುಸ್ತಕದಲ್ಲಿರುವ ಎಲ್ಲದಕ್ಕೂ ಮನಸಾರೆ ಒಪ್ಪಿಗೆ ಎಂದು ಎಲ್ಲರೆದುರು ಹೇಳಬೇಕಿತ್ತು. ಒಲ್ಲೆ ಎಂದವರು ಕೆಲಸ ಬಿಡಬೇಕು. 1660ರಿಂದ ಲೆಕ್ಕ ಹಾಕಿದರೆ ಸುಮಾರು 2000 ಮಂದಿ ಹೊರಬಿದ್ದರು. ಒಳಗೆ ಉಳಿದವರು ‘ಚರ್ಚ್’, ಹೊರಬಿದ್ದವರು ‘ಚಾಪೆಲ್’ ಎಂದು ಇಂಗ್ಲೆಂಡಿನಲ್ಲಿ ಊರೇ ಎರಡಾಗಿ ಒಡೆದದ್ದು ಅಲ್ಲಿಂದ.

ಆಮೇಲಿನ ನೂರೈವತ್ತು ವರ್ಷ ಬೇಗ ದಾಟಬಹುದು. ಪುಸ್ತಕ ಬದಲಾಗಲಿಲ್ಲ, ಬಳಕೆ ಸೊರಗಿತು. ಹಳ್ಳಿಗಳಲ್ಲಿ ಕರ್ತನ ಭೋಜನ ವರ್ಷಕ್ಕೆ ಮೂರು ನಾಲ್ಕು ಸಲ. ಎತ್ತರದ ಪ್ರಸಂಗ ಪೀಠ, ಉದ್ದ ಪ್ರಸಂಗ, ಹಿಂದಿನ ಅಟ್ಟದಲ್ಲಿ ಪಿಟೀಲು ಹಿಡಿದ ಊರಿನ ಹಾಡುಗಾರರು. ಹಾಡುತ್ತಿದ್ದುದು ಛಂದಸ್ಸಿಗೆ ಇಳಿಸಿದ ಕೀರ್ತನೆಗಳನ್ನು. ಸ್ವತಂತ್ರ ಗೀತೆಗಳನ್ನು ಆರಾಧನೆಯಲ್ಲಿ ಹಾಡಬಹುದೇ ಎಂಬುದೇ 1820ರ ವರೆಗೆ ಅನುಮಾನದಲ್ಲಿತ್ತು. ಚರ್ಚ್ ಎಂದರೆ ಹಾಡು ಎಂದುಕೊಂಡು ಬೆಳೆದ ನಮಗೆ ಇದು ನಂಬಲಿಕ್ಕೇ ಆಗುವುದಿಲ್ಲ. ನಿಮ್ಮ ಎಂಟು ಗಂಟೆಯ ಆರಾಧನೆಯಲ್ಲಿ ಹಾಡಿಲ್ಲದಿರುವುದು ಮಾತ್ರ ಬೆಳಗಿನ ಹೊತ್ತಿನ ರೂಢಿ, ಪುಸ್ತಕದ ನಿಷೇಧವೇನಲ್ಲ.

1833ರಲ್ಲಿ, ಹಳೆಯ ಕಥೊಲಿಕ ಪರಂಪರೆಯನ್ನು ಚರ್ಚಿಗೆ ಮರಳಿಸಬೇಕೆಂಬ ಆಕ್ಸ್‌ಫರ್ಡ್ ಚಳವಳಿ ಶುರುವಾಯಿತು. ಮೊದಲು ಪುಸ್ತಕ, ಪತ್ರಿಕೆಗಳಲ್ಲಿ ನಡೆದ ಚರ್ಚೆ. ಮುಂದಿನ ಪೀಳಿಗೆಗೆ ಅದು ಮೇಣದ ಬತ್ತಿ, ಧೂಪ, ಬಣ್ಣದ ವಸ್ತ್ರ, ಮತ್ತೆ ಪೂರ್ವಕ್ಕೆ ಮುಖ. ಗಾಬರಿಯಾದ ಪಾರ್ಲಿಮೆಂಟು 1874ರಲ್ಲಿ ಸಾರ್ವಜನಿಕ ಆರಾಧನೆ ನಿಯಂತ್ರಣ ಕಾನೂನು ತಂದಿತು. ಐದು ಮಂದಿ ಪಾದ್ರಿಗಳು ಜೈಲಿಗೆ ಹೋದರು. ಮ್ಯಾಂಚೆಸ್ಟರಿನ ಮೈಲ್ಸ್ ಪ್ಲಾಟಿಂಗ್‌ನ ಸಿಡ್ನಿ ಗ್ರೀನ್ 1881ರಿಂದ ಸುಮಾರು ಇಪ್ಪತ್ತು ತಿಂಗಳು ಲ್ಯಾಂಕಾಸ್ಟರ್ ಕೋಟೆಯ ಜೈಲಿನಲ್ಲಿದ್ದರು. ಕಾಗದದ ಮೇಲೆ ಕೋರ್ಟಿನ ಮಾತು ಮೀರಿದ ತಪ್ಪು. ಮೂಲದಲ್ಲಿ ಬತ್ತಿ ಹಚ್ಚಿದ್ದು, ದ್ರಾಕ್ಷಾರಸಕ್ಕೆ ನೀರು ಬೆರೆಸಿದ್ದು, ಇಂಥವು. ಜೈಲಿಗೆ ಹೋದ ಪಾದ್ರಿಯ ಮುಂದೆ ಕಾನೂನೇ ಸಣ್ಣದಾಗಿ ಕಂಡಿತು. 1890ರಲ್ಲಿ ಲಿಂಕನ್ ಬಿಷಪ್ ಎಡ್ವರ್ಡ್ ಕಿಂಗ್ ಅವರ ಮೇಲಿನ ಮೊಕದ್ದಮೆಯಲ್ಲಿ ಆರ್ಚ್‌ಬಿಷಪ್ ಬೆನ್ಸನ್ ಇವುಗಳಲ್ಲಿ ಹಲವನ್ನು ಷರತ್ತಿನ ಮೇಲೆ ಒಪ್ಪಿದರು. ಅದೇ ಬೆನ್ಸನ್ ಹತ್ತು ವರ್ಷ ಮುಂಚೆ ಕಾರ್ನ್‌ವಾಲಿನ ಟ್ರೂರೋದಲ್ಲಿ, ಕೆಥೀಡ್ರಲ್ ಕಟ್ಟಡ ಏಳುವ ತನಕ ಬಳಸುತ್ತಿದ್ದ ಮರದ ಶೆಡ್ಡಿನಲ್ಲಿ, ಒಂಬತ್ತು ಪಾಠ ಮತ್ತು ಕ್ಯಾರಲ್‌ಗಳ ಕ್ರಿಸ್ಮಸ್ ಆರಾಧನೆ ನಡೆಸಿದ್ದರು. ನಮ್ಮ ಸಭೆಗಳಲ್ಲೂ ಡಿಸೆಂಬರಿನಲ್ಲಿ ಮಾಡುತ್ತೇವಲ್ಲ, ಅದೇ. ಪುರಾತನ ಅಂದುಕೊಂಡಿರುತ್ತೇವೆ. ನಮ್ಮ ರೈಲ್ವೆಗಿಂತಲೂ ಚಿಕ್ಕ ವಯಸ್ಸು ಅದಕ್ಕೆ.

ಬೀಗ ತೆಗೆಯುವ ಮೊದಲ ಗಂಭೀರ ಪ್ರಯತ್ನ 1927ರಲ್ಲಿ. ಚರ್ಚಿನ ಸ್ವಂತ ಸಭೆ ಹೊಸ ಪುಸ್ತಕವನ್ನು ದೊಡ್ಡ ಬಹುಮತದಿಂದ ಒಪ್ಪಿತ್ತು. ಪಾರ್ಲಿಮೆಂಟಿನ ಮೇಲ್ಮನೆಯೂ ಒಪ್ಪಿತು, 241ಕ್ಕೆ 88. ಕೆಳಮನೆಯಲ್ಲಿ ಡಿಸೆಂಬರ್ 15ರಂದು 238ಕ್ಕೆ 205 ಮತಗಳಿಂದ ಬಿದ್ದುಹೋಯಿತು. ಮುಖ್ಯ ಹೆದರಿಕೆ ಒಂದೇ: ಭೋಜನದ ರೊಟ್ಟಿ, ದ್ರಾಕ್ಷಾರಸವನ್ನು ರೋಗಿಗಳಿಗಾಗಿ ಎತ್ತಿಡಲು ಬಿಟ್ಟರೆ ಜನ ಅದಕ್ಕೆ ಅಡ್ಡಬೀಳಲು ಶುರು ಮಾಡುತ್ತಾರೆ, ರೋಮು ಹಿಂಬಾಗಿಲಿಂದ ಬರುತ್ತದೆ. ತಿದ್ದಿ 1928ರಲ್ಲಿ ಮತ್ತೆ ತಂದರು. 266ಕ್ಕೆ 220, ಮತ್ತೆ ಸೋಲು. ಮತ ಹಾಕಿದವರಲ್ಲಿ ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರು, ಚಾಪೆಲ್ ಕಡೆಯವರು, ಚರ್ಚಿಗೇ ಹೋಗದವರು ಎಲ್ಲರೂ ಇದ್ದರು. ಒಂದು ಚರ್ಚು ತಾನು ಹೇಗೆ ಪ್ರಾರ್ಥಿಸಬೇಕು ಎಂಬುದನ್ನು ಅದಕ್ಕೆ ಸೇರದವರ ಕೈ ಎತ್ತಿಸಿ ಕೇಳಬೇಕೇ? ಬಿಷಪರು ಆ ಪುಸ್ತಕವನ್ನು ಹೇಗೂ ಅಚ್ಚು ಹಾಕಿಸಿದರು. ಬಳಸುವವರನ್ನು ದ್ರೋಹಿಗಳೆಂದು ನೋಡುವುದಿಲ್ಲ ಎಂದು 1929ರಲ್ಲಿ ಹೇಳಿದರು. ಕಾನೂನು ಒಂದು ಕಡೆ, ಭಾನುವಾರದ ನಡವಳಿಕೆ ಇನ್ನೊಂದು ಕಡೆ. ಹೀಗೇ ಮೂವತ್ತೈದು ವರ್ಷ ಸಾಗಿತು.

ಇಲ್ಲಿ ನಿಮ್ಮ ಮೂರನೇ ಪ್ರಶ್ನೆ ಸರಿಯಾಗಿ ಬಂದು ಕೂರುತ್ತದೆ. ಇಂಗ್ಲೆಂಡಿನ ಚರ್ಚು ಕೈ ಕಟ್ಟಿಕೊಂಡು ಕೂತಿದ್ದಾಗ ಕೈ ಬಿಚ್ಚಿದವರು ನಾವು.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಇಂಡಿಯಾ ಸಭೆ ಶುರುವಾಯಿತು. ಆಂಗ್ಲಿಕನ್ನರು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್‌ನವರು ಒಂದಾದರು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ ಕನ್ನಡ ಸಭೆಗಳಲ್ಲಿ ಹೆಚ್ಚಿನವು ಆಂಗ್ಲಿಕನ್ ಆಗಿರಲೇ ಇಲ್ಲ. ಕರಾವಳಿಯಲ್ಲಿ ಬಾಸೆಲ್ ಮಿಶನ್, ಬಳ್ಳಾರಿಯಲ್ಲಿ ಲಂಡನ್ ಮಿಶನ್, ಮೈಸೂರು, ತುಮಕೂರು, ಹಾಸನದ ಕಡೆ ವೆಸ್ಲಿಯನ್ನರು. ಬೆಂಗಳೂರಿನ ಸೇಂಟ್ ಮಾರ್ಕ್ಸ್‌ನಂಥವು ದಂಡಿನವರಿಗಾಗಿ ಕಟ್ಟಿದ ಇಂಗ್ಲಿಷ್ ಚರ್ಚುಗಳು. ನಿಮ್ಮ ಅಜ್ಜನ ಆರಾಧನೆಗೆ ಜರ್ಮನಿ, ಸ್ವಿಟ್ಜರ್ಲೆಂಡಿನ ಬೇರಿತ್ತೇ ಹೊರತು ಕ್ರ್ಯಾನ್ಮರನ ಬೇರಲ್ಲ. ಇಷ್ಟು ಬಗೆಯ ಜನ ಒಂದೇ ಸಭೆಯಾದಾಗ ಯಾರ ಪುಸ್ತಕ ಬಳಸುವುದು? ಯಾರದನ್ನೂ ಯಾರ ಮೇಲೂ ಹೇರುವುದು ಬೇಡ, ಅವರವರ ರೂಢಿ ಮುಂದುವರಿಯಲಿ ಎಂದು ಮೊದಲೇ ಒಪ್ಪಂದವಾಗಿತ್ತು. ಜೊತೆಗೆ ಎಲ್ಲರೂ ಸೇರಿದಾಗ ಬಳಸಲು ಹೊಸದೊಂದು ಕ್ರಮ ಬರೆದರು. 1950ರಲ್ಲಿ ಮದುರೈಯ ಸಿನೊಡ್‌ನಲ್ಲಿ, ಅಂದರೆ ಸಭೆಯ ಆಡಳಿತದ ಮಹಾಕೂಟದಲ್ಲಿ, ಅದನ್ನು ಮೊದಲ ಸಲ ಬಳಸಿದರು.

ಅದರಲ್ಲಿ ಏನಿತ್ತು? ಸಭಾಪಾಲಕರು ಮೇಜಿನ ಹಿಂದೆ ನಿಂತು ಜನರಿಗೆ ಮುಖ ಮಾಡಬಹುದಿತ್ತು. ರೋಮನ್ ಕಥೊಲಿಕರಲ್ಲಿ ಇದು ಸಾಮಾನ್ಯವಾಗಿದ್ದು 1960ರ ದಶಕದ ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ಜನರೇ ನಡುನಡುವೆ ದನಿಗೂಡಿಸಿ, ಕರ್ತನೇ, ನಿನ್ನ ಮರಣವನ್ನು ಸ್ಮರಿಸುತ್ತೇವೆ, ಪುನರುತ್ಥಾನವನ್ನು ಅರಿಕೆ ಮಾಡುತ್ತೇವೆ, ಎರಡನೇ ಬರೋಣವನ್ನು ಎದುರು ನೋಡುತ್ತೇವೆ ಎನ್ನುತ್ತಿದ್ದರು. ಇದು ಸಿರಿಯನ್ ಪದ್ಧತಿಯಿಂದ ಬಂದ ಮಾತು. ಮತ್ತೆ ಆ ‘ಸಮಾಧಾನ’, ಒಬ್ಬರಿಗೊಬ್ಬರು ಶಾಂತಿ ಹಾರೈಸುವ ಗಳಿಗೆ. ನಿಮ್ಮ ಬಲ ಅಂಗೈಯನ್ನು ಪಕ್ಕದವರ ಬಲ ಅಂಗೈಗೆ ತಾಗಿಸಿ, ಇಬ್ಬರೂ ಎಡಗೈಯನ್ನು ಮೇಲೆ ಮುಚ್ಚುವುದು. ಮೇಜಿನಿಂದ ಶುರುವಾಗಿ ಸಾಲಿನಿಂದ ಸಾಲಿಗೆ ಅದು ಹರಿದುಬರಬೇಕು. ಇದು ಕೇರಳದ ತೋಮಾ ಕ್ರೈಸ್ತರಿಂದ, ಅಂದರೆ ಅಲ್ಲಿನ ಹಳೆಯ ಸಿರಿಯನ್ ಪದ್ಧತಿಯವರಿಂದ, ತೆಗೆದುಕೊಂಡದ್ದು. ಬ್ರಿಟಿಷರದ್ದೂ ಅಲ್ಲ, ಬಾಸೆಲ್‌ನದ್ದೂ ಅಲ್ಲ. ಕ್ರ್ಯಾನ್ಮರ್ 1549ರಲ್ಲಿ ಸಮಾಧಾನದ ಮಾತನ್ನಾದರೂ ಉಳಿಸಿಕೊಂಡಿದ್ದ, 1552ರಲ್ಲಿ ಆ ಸಾಲನ್ನೂ ಕೈಬಿಟ್ಟಿದ್ದ. ಇಂಗ್ಲೆಂಡಿನ ಜನ ಆರಾಧನೆಯಲ್ಲಿ ಒಬ್ಬರ ಕೈ ಒಬ್ಬರು ಹಿಡಿಯಲು ಶುರು ಮಾಡಿದ್ದು 1970ರ ದಶಕದಲ್ಲಿ. ಜಗತ್ತಿನ ಆರಾಧನಾ ಇತಿಹಾಸ ಬರೆಯುವವರು ಆ ತಿದ್ದುಪಡಿಗಳ ಹಿಂದೆ ದಕ್ಷಿಣ ಇಂಡಿಯಾದ ಪ್ರಭಾವವನ್ನು ಹೆಸರಿಸಿ ಹೇಳುತ್ತಾರೆ. ಹತ್ತು ಗಂಟೆಗೆ ನಿಮ್ಮ ಪಕ್ಕದ ಇಂಗ್ಲಿಷ್ ಅಜ್ಜಿ ಸಂಕೋಚದಿಂದ ಕೈ ಚಾಚಿದರೆ, ಅದರಲ್ಲಿ ನಮ್ಮ ಕಡೆಯ ಪಾಲೂ ಇದೆ ಅಂದುಕೊಳ್ಳಿ.

ಸಿಎಸ್‌ಐ ಒಂದೇ ಅಲ್ಲ. 1989ರಲ್ಲಿ ನ್ಯೂಜಿಲೆಂಡ್ ಮಾವೊರಿ ಮತ್ತು ಇಂಗ್ಲಿಷ್ ಎರಡರಲ್ಲೂ ಪುಸ್ತಕ ತಂದಿತು. ಅದೇ ವರ್ಷದ ಕೀನ್ಯಾ ಕ್ರಮದಲ್ಲಿ ಕೊನೆಗೆ ಜನ ‘ನಮ್ಮ ಎಲ್ಲ ತೊಂದರೆಗಳನ್ನು ಕ್ರಿಸ್ತನ ಶಿಲುಬೆಗೆ ಕಳಿಸುತ್ತೇವೆ’ ಎನ್ನುತ್ತಾ ಶಿಲುಬೆಯ ಕಡೆ ಜೋರಾಗಿ ಕೈ ಬೀಸುತ್ತಾರೆ. ಈಗ ಇಂಗ್ಲೆಂಡಿನಲ್ಲೂ ಕೆಲವು ಕಡೆ ಅದನ್ನು ಬಳಸುತ್ತಾರೆ.

ಇಂಗ್ಲೆಂಡಿನ ಬೀಗ ತೆರೆದದ್ದು ನಿಧಾನವಾಗಿ. 1965ರಲ್ಲಿ ಪ್ರಯೋಗಕ್ಕೆಂದು ಪರ್ಯಾಯ ಕ್ರಮಗಳಿಗೆ ಅನುಮತಿ ಸಿಕ್ಕಿತು. ಒಂದು, ಎರಡು, ಮೂರನೇ ಸರಣಿ ಎಂದು ತೆಳುವಾದ ಪುಸ್ತಿಕೆಗಳು ಬಂದವು. ಮೂರನೆಯದರಲ್ಲಿ ದೇವರನ್ನು ‘ದೌ’ ಎಂಬ ಹಳೆಯ ಸರ್ವನಾಮ ಬಿಟ್ಟು ದಿನಬಳಕೆಯ ‘ಯೂ’ ಎಂದು ಕರೆದಾಗ ದೊಡ್ಡ ಗದ್ದಲವಾಯಿತು. 1974ರ ಕಾನೂನು ಆರಾಧನೆಯ ಅಧಿಕಾರವನ್ನು ಚರ್ಚಿನ ಜನರಲ್ ಸಿನೊಡ್ ಕೈಗೆ ಕೊಟ್ಟಿತು. ಮುಖ್ಯ ಷರತ್ತು: 1662ರ ಪುಸ್ತಕವನ್ನು ಬಳಸುವ ಹಕ್ಕು ಉಳಿಯಬೇಕು. ನಿಮ್ಮ ಎಂಟು ಗಂಟೆಯ ಆರಾಧನೆ ಉಳಿದಿರುವುದಕ್ಕೆ ಹಿರಿಯರ ಹಟ ಎಷ್ಟು ಕಾರಣವೋ ಈ ಷರತ್ತೂ ಅಷ್ಟೇ ಕಾರಣ. 1980ರಲ್ಲಿ ಪರ್ಯಾಯ ಆರಾಧನಾ ಪುಸ್ತಕ, ಅದರ ಅವಧಿ ಮುಗಿದಾಗ 2000ದಲ್ಲಿ ಕಾಮನ್ ವರ್ಷಿಪ್. ಹೆಸರಿಗೆ ‘ಸಾಮಾನ್ಯ’. ಒಳಗೆ ಪ್ರಾರ್ಥನೆಗೆ ಹಲವು ಆಯ್ಕೆ, ಹಲವು ಸಂಪುಟ. ಪಾದ್ರಿ ಹಲವಾರು ಪುಸ್ತಕ ತಿರುವಬೇಕು ಎನ್ನುವುದೇ ಅಲ್ವಾ ಕ್ರ್ಯಾನ್ಮರನ ಮೊದಲ ದೂರು? ಅದಕ್ಕೇ ಈಗ ಪರದೆ ಬಂದಿದೆ. ನನಗೆ ಹೊಸ ಕ್ರಮದ ಭೋಜನ ಪ್ರಾರ್ಥನೆಗಳು ಹಳೆಯದಕ್ಕಿಂತ ತುಂಬಿಕೊಂಡಿವೆ ಅನಿಸುತ್ತದೆ. ಸೃಷ್ಟಿಯಿಂದ ಹಿಡಿದು ಕಥೆ ಹೇಳುತ್ತವೆ, ಪವಿತ್ರಾತ್ಮನನ್ನು ಕರೆಯುತ್ತವೆ. ಆದರೆ ಬಾಯಿಪಾಠವಾಗಿ ಸಾಯುವ ಹೊತ್ತಿಗೂ ನಾಲಿಗೆ ಮೇಲೆ ಬರುವುದು ಹಳೆಯದೇ. ಮೂರು ವರ್ಷಕ್ಕೊಮ್ಮೆ ಮಾತು ಬದಲಿಸಿದರೆ ಯಾವುದೂ ಬಾಯಿಪಾಠವಾಗುವುದಿಲ್ಲ.

ಕೊನೆಗೆ ಬಟ್ಟಲಿನ ವಿಷಯ. ಭೋಜನ ತೆಗೆದುಕೊಳ್ಳಲು ನಿಮಗೆ ಅಡ್ಡಿಯಿಲ್ಲ. ಸಿಎಸ್‌ಐ ಆಂಗ್ಲಿಕನ್ ಒಕ್ಕೂಟದ ಪೂರ್ಣ ಸದಸ್ಯ ಸಭೆ. ರೊಟ್ಟಿ ಮಾತ್ರ ತೆಗೆದುಕೊಂಡರೂ ಪೂರ್ತಿ ಭೋಜನ ತೆಗೆದುಕೊಂಡಂತೆಯೇ ಲೆಕ್ಕ. ಬಟ್ಟಲು ಹಿಡಿದವರು ಹತ್ತಿರ ಬಂದಾಗ ತಲೆಬಾಗಿಸಿ, ಅವರು ಮುಂದೆ ಹೋಗುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮಲ್ಲಿ ಕೆಲವು ಸಭೆಗಳಲ್ಲಿ ಇರುವಂಥ ಸಣ್ಣ ಲೋಟಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ರೊಟ್ಟಿ, ದ್ರಾಕ್ಷಾರಸ ಎರಡನ್ನೂ ಜನರಿಗೆ ಕೊಡಬೇಕು ಎಂದ ಕಾನೂನು ಎಡ್ವರ್ಡ್ ಕಾಲದ್ದು, 1547ರದು. ಅನಿವಾರ್ಯವಾದರೆ ಹೊರತು ಎಂದು ಅದರಲ್ಲೇ ಒಂದು ಮಾತಿದೆ. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಬಟ್ಟಲು ನಿಲ್ಲಿಸಿದ ಇಂಗ್ಲೆಂಡಿನ ಚರ್ಚು ತೋರಿಸಿದ ಆಧಾರ ಅದೇ ಮಾತು.